ಹುಡುಕುವ ವಿದ್ಯೆ

'ಈ ಮಾತನ್ನು ಎಲ್ಲಿಯೋ ಓದಿದ್ದೇನೆ. ಎಲ್ಲಿ ಎಂಬುದು ಮಾತ್ರ ನೆನಪಿಗೆ ಬಾರದು' ಎಂಬ ಅಳಲು, ಓದುಬರಹಗಳನ್ನು ಕಸುಬಾಗಿ ಮಾಡಿಕೊಂಡವರೆಲ್ಲರಿಗೂ ಒಂದಲ್ಲ ಒಂದು ದಿನ ತಪ್ಪದೆ ಒದಗತಕ್ಕದ್ದು. ಹಿಂದಿನ ಕಾಲದ ವಿದ್ವಾಂಸನು ಅಂಥ ಗಳಿಗೆಯಲ್ಲಿ ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಕ್ಕಿಳಿಸಿ, ಅಂಚಿನಲ್ಲಿ ಪೆನ್ಸಿಲಿನ ಗುರುತಿದ್ದ ಪುಟಗಳನ್ನು ಒಂದೊಂದಾಗಿ ಮಗುಚಿ, ಸಂಜೆಯ ಹೊತ್ತಿಗೆ ತಾನು ಅರಸಿದ ವಾಕ್ಯವೊಂದನ್ನುಳಿದು ಮಿಕ್ಕ ಎಷ್ಟೋ ಒಳ್ಳೆಯ ವಾಕ್ಯಗಳನ್ನು ಕಂಡು, ಅಷ್ಟಕ್ಕೇ ತೃಪ್ತನಾಗಿ ಏಳುತ್ತಿದ್ದನು. ಇಂದಿನವನಾದರೋ ಮೇಜಿನ ಮೇಲಣ ಗಣಕಯಂತ್ರದ ತೆರೆಯಲ್ಲಿ ಒಂದು ಚಿಕ್ಕ ಚೌಕದೊಳಗೆ ನಾಲ್ಕಕ್ಷರ ಒತ್ತುತ್ತಾನೆ. ಕಣ್ಣೆವೆಯಿಕ್ಕುವುದರೊಳಗೆ ನೂರು ಕಡತಗಳು ಬಂದು ನಿಲ್ಲುತ್ತವೆ, ಇಲ್ಲವೇ 'ಏನೂ ದೊರೆಯಲಿಲ್ಲ' ಎಂಬ ಒಣ ಉತ್ತರವೊಂದು ಬರುತ್ತದೆ. ಉತ್ತರ ಯಾವುದೇ ಆಗಲಿ, ಅದು ಹೇಗೆ ಬಂದಿತು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಗೆ ಸಮಾಧಾನ ಬೇಕಾದರೆ ಹುಡುಕುವ ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ದೊಡ್ಡ ಗ್ರಂಥದೊಳಗೆ ಒಂದು ಮಾತನ್ನು ಹುಡುಕುವುದಕ್ಕೆ ಎರಡೇ ದಾರಿಗಳುಂಟು. ಮೊದಲನೆಯದು, ಆರಂಭದಿಂದ ಅಂತ್ಯದವರೆಗೆ ಪ್ರತಿಯೊಂದು ಸಲವೂ ಓದಿಕೊಂಡೇ ಹೋಗುವುದು. ಎರಡನೆಯದು, ಒಮ್ಮೆ ಶ್ರಮವಹಿಸಿ ಓದಿ, ಯಾವ ಮಾತು ಎಲ್ಲಿದೆ ಎಂಬುದಕ್ಕೆ ಸೂಚಿಯೊಂದನ್ನು ಮಾಡಿಟ್ಟುಕೊಂಡು, ಮುಂದೆ ಬೇಕಾದಾಗಲೆಲ್ಲ ಗ್ರಂಥವನ್ನು ಬಿಟ್ಟು ಸೂಚಿಯನ್ನೇ ನೋಡುವುದು. ಮೊದಲನೆಯ ದಾರಿ ನಿಧಾನವಾದದ್ದು, ಆದರೆ ಏನನ್ನೂ ಬಿಡದು. ಎರಡನೆಯದು ಶೀಘ್ರವಾದದ್ದು, ಆದರೆ ಸೂಚಿಯಲ್ಲಿ ಬಿಟ್ಟುಹೋದದ್ದು ಹುಡುಕುವವನ ಪಾಲಿಗೆ ಗ್ರಂಥದಲ್ಲಿಯೂ ಇಲ್ಲದಂತೆಯೇ. ಎರಡೂವರೆ ಸಾವಿರ ವರ್ಷಗಳಿಂದೀಚೆಗೆ ಈ ವಿದ್ಯೆಯಲ್ಲಿ ನಡೆದ ಪ್ರಯತ್ನಗಳೆಲ್ಲವೂ ಈ ಎರಡು ದಾರಿಗಳಲ್ಲಿ ಯಾವುದೋ ಒಂದನ್ನು ಹಿಡಿದು ನಡೆದವೇ ಆಗಿವೆ.

ಸೂಚಿಯ ದಾರಿಯನ್ನು ನಮ್ಮವರು ಬಹು ಹಿಂದೆಯೇ ಬಲ್ಲರು. ಹತ್ತು ಮಂಡಲಗಳ, 1028 ಸೂಕ್ತಗಳ ಋಗ್ವೇದವನ್ನು ಬಾಯಲ್ಲಿಯೇ ಇಟ್ಟುಕೊಂಡು ಕಾಪಾಡಿದ ಜನ, ಅದರ ಒಳಹೊರಗುಗಳನ್ನು ತಿಳಿಯಲು ಅನುಕ್ರಮಣಿಗಳೆಂಬ ಗ್ರಂಥಗಳನ್ನು ಕಟ್ಟಿದರು. ಕಾತ್ಯಾಯನನದೆಂದು ಹೇಳಲಾಗುವ ಸರ್ವಾನುಕ್ರಮಣಿಯು ಪ್ರತಿಯೊಂದು ಸೂಕ್ತದ ಮೊದಲ ಮಾತನ್ನು ಹಿಡಿದು, ಅದರಲ್ಲಿ ಎಷ್ಟು ಋಕ್ಕುಗಳು, ಋಷಿ ಯಾರು, ದೇವತೆ ಯಾವುದು, ಛಂದಸ್ಸು ಏನು ಎಂಬುದನ್ನು ಸೂತ್ರರೂಪದಲ್ಲಿ ಹೇಳುತ್ತದೆ. ಆದರೆ ಇದಕ್ಕೂ ಮಹತ್ವದ ಕೆಲಸವೊಂದು ಶಾಕಲ್ಯನ ಪದಪಾಠ. ಸಂಧಿಯಲ್ಲಿ ಒಂದರೊಡನೊಂದು ಬೆಸೆದು, ತಮ್ಮ ಮೊದಲಿನ ರೂಪವನ್ನೇ ಕಳೆದುಕೊಂಡ ಪದಗಳನ್ನು ಬಿಡಿಸಿ, ಒಂದೊಂದನ್ನೂ ಅದರ ಸ್ವಂತ ಆಕಾರದಲ್ಲಿ ನಿಲ್ಲಿಸಿದ ಆ ವೈಯಾಕರಣನಿಗೆ ಸೂಚಿ ಮಾಡುವ ಉದ್ದೇಶ ಇರಲಿಲ್ಲ. ಆದೊಡೆ ಪದಗಳು ಬೇರೆ ಬೇರೆಯಾಗದೆ ಪದಸೂಚಿ ಆಗಲಾರದು ಎಂಬ ತತ್ತ್ವಕ್ಕೆ ಅದಕ್ಕಿಂತ ಪ್ರಾಚೀನವಾದ ನಿದರ್ಶನ ದೊರೆಯುವುದು ಕಷ್ಟ. ಅಮೆರಿಕದ ವಿದ್ವಾಂಸ ಮಾರಿಸ್ ಬ್ಲೂಮ್‌ಫೀಲ್ಡನು 1906ರಲ್ಲಿ ಹಾರ್ವರ್ಡಿನ ಪ್ರಾಚ್ಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದ ವೈದಿಕ ಪಾದಸೂಚಿಯು, ಮಂತ್ರಗಳ ಪಾದಗಳನ್ನು ಅಕಾರಾದಿಯಾಗಿ ಜೋಡಿಸಿ, ಈ ಪರಂಪರೆಯನ್ನು ಅಚ್ಚಿನ ಯುಗಕ್ಕೆ ತಂದು ನಿಲ್ಲಿಸಿತು.

ಪಶ್ಚಿಮದಲ್ಲಿ ಇದೇ ಕಾರ್ಯವನ್ನು ಬೈಬಲಿಗೆ ಮೊದಲು ಮಾಡಿದವರು ಹದಿಮೂರನೆಯ ಶತಮಾನದ ಪ್ಯಾರಿಸಿನ ಡೊಮಿನಿಕನ್ ಯತಿಗಳು. ಸೇಂಟ್ ಶೇರಿನ ಹ್ಯೂ ಎಂಬ ಗುರುವಿನ ನೇತೃತ್ವದಲ್ಲಿ ಅವರು ಲ್ಯಾಟಿನ್ ಬೈಬಲಿನ ಪದಗಳನ್ನು ಅಕ್ಷರಕ್ರಮದಲ್ಲಿ ಬರೆದು, ಒಂದೊಂದು ಪದದ ಮುಂದೆಯೂ ಅದು ಬರುವ ಅಧ್ಯಾಯವನ್ನು ಸೂಚಿಸಿದರು. ಆಗ ವಾಕ್ಯಗಳಿಗೆ ಸಂಖ್ಯೆ ಹಾಕುವ ಪದ್ಧತಿ ಇರಲಿಲ್ಲವಾದ್ದರಿಂದ, ಪ್ರತಿ ಅಧ್ಯಾಯವನ್ನೂ ಮನಸ್ಸಿನಲ್ಲಿಯೇ ಏಳು ಭಾಗ ಮಾಡಿ, ಆ ಭಾಗಗಳನ್ನು ಏಳು ಅಕ್ಷರಗಳಿಂದ ಗುರುತಿಸಿದರು. ಏಳು ಶತಮಾನಗಳ ತರುವಾಯ, 1949ರಲ್ಲಿ, ಇಟಲಿಯ ಜೆಸ್ಯುಯಿಟ್ ಪಾದ್ರಿ ರೊಬೆರ್ಟೋ ಬೂಸಾ ಅವರು ಸಂತ ತೋಮಸ್ ಅಕ್ವೈನಸನ ಕೃತಿಗಳಿಗೆ ಅಂಥದೇ ಸೂಚಿಯೊಂದನ್ನು ಯಂತ್ರದಿಂದ ಮಾಡಿಸಬೇಕೆಂದು ಹಟ ತೊಟ್ಟು, ನ್ಯೂಯಾರ್ಕಿಗೆ ಹೋಗಿ, ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ನರನ್ನು ಕಂಡರು. ಲೆಕ್ಕಪತ್ರಕ್ಕೆಂದು ನಿರ್ಮಿತವಾದ ರಂಧ್ರಪತ್ರದ ಯಂತ್ರಗಳು ಒಂದು ಕೋಟಿಗೂ ಮೀರಿದ ಪದಗಳನ್ನು ಎಣಿಸಿ, ವಿಂಗಡಿಸಿ, ಜೋಡಿಸತೊಡಗಿದವು; ಮೂವತ್ತು ವರ್ಷಗಳ ದುಡಿಮೆಯ ಫಲವು 56 ಸಂಪುಟಗಳಾಗಿ 1980ರ ಹೊತ್ತಿಗೆ ಅಚ್ಚಾಗಿ ಮುಗಿಯಿತು.

ಸೂಚಿಯ ದಾರಿಯು ಹೀಗೆ ಮಠಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಬೆಳೆಯುತ್ತಿರಲಾಗಿ, ಮತ್ತೊಂದು ದಾರಿ, ಎಂದರೆ ಪ್ರತಿಯೊಂದು ಸಲವೂ ಮೊದಲಿನಿಂದ ಕಡೆಯವರೆಗೆ ಓದಿಯೇ ಬಿಡುವ ದಾರಿ, ಮನುಷ್ಯಮಾತ್ರನಿಗೆ ಅಸಾಧ್ಯವೆಂದು ಬಿಟ್ಟುಹೋಗಿದ್ದಿತು. ಅದನ್ನು ಪುನಃ ತೆರೆದವರು ನ್ಯೂಜೆರ್ಸಿಯ ಮರೇಹಿಲ್ಲಿನಲ್ಲಿದ್ದ ಬೆಲ್ ಪ್ರಯೋಗಾಲಯದ ಕೆಲವು ತರುಣರು. ಕೆನ್ ಥಾಂಪ್ಸನ್ ಎಂಬವರು 1968ರಲ್ಲಿಯೇ ಒಂದು ಲೇಖನ ಬರೆದು, ಪದವೊಂದನ್ನು ಮಾತ್ರವಲ್ಲದೆ ಪದಗಳ ಒಂದು ಮಾದರಿಯನ್ನೇ, ಉದಾಹರಣೆಗೆ 'ಈ ಅಕ್ಷರದಿಂದ ಆರಂಭವಾಗಿ, ನಡುವೆ ಏನಾದರೂ ಇದ್ದು, ಆ ಅಕ್ಷರದಿಂದ ಮುಗಿಯುವುದು' ಎಂಬಂಥ ವರ್ಣನೆಯನ್ನೇ, ಯಂತ್ರಕ್ಕೆ ಕೊಟ್ಟು ಹುಡುಕಿಸುವ ಕ್ರಮವನ್ನು ನಿರೂಪಿಸಿದ್ದರು. ಗಣಿತಜ್ಞ ಸ್ಟೀಫನ್ ಕ್ಲೀನಿಯು ಶುದ್ಧ ತರ್ಕದ ವಿಷಯವಾಗಿ 1956ರಲ್ಲಿ ಪ್ರಕಟಿಸಿದ ಒಂದು ಕಲ್ಪನೆ ಹೀಗೆ ಬೆರಳಚ್ಚುಗಾರನ ಮೇಜಿಗೆ ಇಳಿದುಬಂದಿತು. ಥಾಂಪ್ಸನ್ನರು ಯೂನಿಕ್ಸ್ ಎಂಬ ವ್ಯವಸ್ಥೆಗಾಗಿ ರಚಿಸಿದ 'ಎಡ್' ಎಂಬ ಬರಹದ ಸಾಧನದಲ್ಲಿ ಈ ಸೌಕರ್ಯ ಇದ್ದಿತು. ಆದರೆ ಅದು ಕಡತವನ್ನೆಲ್ಲ ಒಮ್ಮೆಗೇ ಹಿಡಿದುಕೊಂಡು ಕೆಲಸ ಮಾಡುವಂಥದು. ಆ ಕಾಲದ ಪಿಡಿಪಿ-11 ಯಂತ್ರದಲ್ಲಿ ಒಂದು ಕ್ರಮವಿಧಿಗೆ ದೊರೆಯುತ್ತಿದ್ದ ಸ್ಮೃತಿಸ್ಥಾನವಾದರೋ 64 ಕಿಲೋಬೈಟು ಮಾತ್ರ.

ಲೀ ಮೆಕ್‌ಮಹೊನ್ ಎಂಬ ಸಹೋದ್ಯೋಗಿಗೆ ಇದರಿಂದ ಇಕ್ಕಟ್ಟಾಯಿತು. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಲ್ಲಿ ಬರೆದ 85 ಪ್ರಬಂಧಗಳಲ್ಲಿ ಕೆಲವನ್ನು ಬರೆದವರು ಯಾರು ಎಂಬುದು ಬಹುಕಾಲ ವಿವಾದದಲ್ಲಿದ್ದ ಸಂಗತಿ. ಮಾಸ್ಟೆಲರ್ ಮತ್ತು ವ್ಯಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರ ತಮ್ಮ ಗ್ರಂಥದಲ್ಲಿ, 'ಅಪಾನ್'ನಂಥ ಸಣ್ಣಪುಟ್ಟ ಪದಗಳನ್ನು ಹ್ಯಾಮಿಲ್ಟನ್ ಹೇರಳವಾಗಿಯೂ ಮ್ಯಾಡಿಸನ್ ಅಪರೂಪವಾಗಿಯೂ ಬಳಸುತ್ತಿದ್ದುದನ್ನು ಎಣಿಸಿ ತೋರಿಸಿ, ವಿವಾದಗ್ರಸ್ತವಾದ 12 ಪ್ರಬಂಧಗಳನ್ನು ಮ್ಯಾಡಿಸನ್ನನ ಪಾಲಿಗೆ ಸಲ್ಲಿಸಿದ್ದರು. ಆ ಪ್ರಬಂಧಗಳ ಭಾಷೆಯನ್ನು ಯಂತ್ರದಲ್ಲಿ ಪರೀಕ್ಷಿಸಬೇಕೆಂದಿದ್ದ ಮೆಕ್‌ಮಹೊನ್ನರಿಗೆ, ಒಂದು ಮೆಗಾಬೈಟಿನಷ್ಟು ದೊಡ್ಡದಾದ ಆ ಬರಹವು 'ಎಡ್'ನ ಹೊಟ್ಟೆಯಲ್ಲಿ ಹಿಡಿಯಲೊಲ್ಲದೆ ಹೋಯಿತು. ಆಗ ಥಾಂಪ್ಸನ್ನರು ಆ ಸಾಧನದಿಂದ ಹುಡುಕುವ ಅಂಶವನ್ನು ಮಾತ್ರ ಬೇರ್ಪಡಿಸಿ, ಕಡತವನ್ನು ಸಾಲುಸಾಲಾಗಿ ಓದುತ್ತ, ಹೊಂದಿದ ಸಾಲನ್ನು ಮುದ್ರಿಸಿ, ಹೊಂದದ್ದನ್ನು ಮರೆತು ಮುಂದೆ ಸಾಗುವ ಪುಟ್ಟ ಉಪಕರಣವೊಂದನ್ನು ಮಾಡಿಕೊಟ್ಟರು. ಒಂದೇ ರಾತ್ರಿಯಲ್ಲಿ ಮಾಡಿದರೆಂಬ ಮಾತು ಪ್ರಸಿದ್ಧವಾಗಿದೆ. 'ಎಲ್ಲ ಕಡೆಯೂ ಈ ಮಾದರಿಯನ್ನು ನೋಡಿ ಮುದ್ರಿಸು' ಎಂಬರ್ಥದಲ್ಲಿ 'ಎಡ್'ಗೆ ಕೊಡುತ್ತಿದ್ದ ಆಜ್ಞೆಯ ಅಕ್ಷರಗಳೇ ಕೂಡಿ ಅದಕ್ಕೆ 'ಗ್ರೆಪ್' ಎಂದು ಹೆಸರಾಯಿತು. ಇದು 1973ರ ಮಾತು. ಒಬ್ಬ ವಿದ್ವಾಂಸನು ಹಳೆಯ ಬರಹವೊಂದರ ಕರ್ತೃವನ್ನು ಅರಸಲು ಹೊರಟದ್ದರಿಂದ ಹುಟ್ಟಿದ ಆ ಉಪಕರಣದ ಹೆಸರು ಈಗ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿಯೂ ಸೇರಿಹೋಗಿದೆ.

ಅನಂತರದ ಒಂದು ದಶಕದಲ್ಲಿ ಈ ದಾರಿ ಬಹುಮಟ್ಟಿಗೆ ನಯವಾಯಿತು. ಗ್ರಂಥಸೂಚಿಗಳಲ್ಲಿ ಒಟ್ಟಿಗೆ ಹಲವು ಪದಗಳನ್ನು ಹುಡುಕಬೇಕಾದವರ ತೊಂದರೆಯನ್ನು ಕಂಡು ಆಲ್ಫ್ರೆಡ್ ಆಹೋ ಮತ್ತು ಮಾರ್ಗರೆಟ್ ಕೊರಾಸಿಕ್ ಅವರು 1975ರಲ್ಲಿ, ಪದಗಳು ಎಷ್ಟೇ ಇರಲಿ, ಬರಹವನ್ನು ಒಂದೇ ಸಲ ಓದಿ ಎಲ್ಲವನ್ನೂ ಹಿಡಿಯುವ ಕ್ರಮವನ್ನು ಪ್ರಕಟಿಸಿದರು. ರಾಬರ್ಟ್ ಬಾಯರ್ ಮತ್ತು ಸ್ಟ್ರಾದರ್ ಮೂರ್ ಅವರು 1977ರಲ್ಲಿ ತೋರಿಸಿಕೊಟ್ಟ ಉಪಾಯವು ಇನ್ನೂ ವಿಸ್ಮಯಕರವಾದದ್ದು: ಹುಡುಕುವ ಪದವನ್ನು ಮೊದಲ ಅಕ್ಷರದಿಂದಲ್ಲ, ಕೊನೆಯ ಅಕ್ಷರದಿಂದ ಹೋಲಿಸಬೇಕು, ಬರಹದಲ್ಲಿ ಆ ಸ್ಥಾನದಲ್ಲಿರುವ ಅಕ್ಷರವು ಪದದಲ್ಲಿ ಎಲ್ಲಿಯೂ ಇಲ್ಲದ್ದಾದರೆ, ಪದದ ಉದ್ದದಷ್ಟು ದೂರವನ್ನು ಒಂದೇ ನೆಗೆತದಲ್ಲಿ ದಾಟಿಬಿಡಬಹುದು. ಇದರ ಪರಿಣಾಮವಾಗಿ, ಹುಡುಕುವ ಪದ ಉದ್ದವಾದಷ್ಟೂ ಹುಡುಕಾಟವು ಶೀಘ್ರವಾಗುತ್ತದೆ. ಸಾಮಾನ್ಯ ಬುದ್ಧಿಗೆ ವಿಪರೀತವೆಂದು ತೋರುವ ಈ ಸಂಗತಿಯಲ್ಲಿ ಬಳಸುವವನಿಗೆ ಒಂದು ಪಾಠವೂ ಇದೆ. ಎರಡಕ್ಷರದ ಸಾಮಾನ್ಯ ಪದಕ್ಕಿಂತ, ತಾನು ಅರಸುವ ವಾಕ್ಯದಲ್ಲಿ ಮಾತ್ರವೇ ಇರಬಹುದಾದ ದೀರ್ಘವೂ ವಿಶಿಷ್ಟವೂ ಆದ ಪದವನ್ನು ಕೊಡುವವನಿಗೆ, ಬೇಗನೆಯೂ ಕಸವಿಲ್ಲದೆಯೂ ಫಲ ದೊರೆಯುತ್ತದೆ.

ಗೃಹಸ್ಥರ ಮನೆಗಳಿಗೆ ಗಣಕಯಂತ್ರ ಬಂದು, ಅದರೊಳಗೆ ಕಡತಗಳು ಸಾವಿರಗಟ್ಟಲೆ ತುಂಬಿಕೊಂಡ ಮೇಲೆ, ಸೂಚಿಯ ದಾರಿ ಮತ್ತೆ ಮುಂದಕ್ಕೆ ಬಂದಿತು. ಗೂಗಲ್ ಸಂಸ್ಥೆಯು 2004ರ ಅಕ್ಟೋಬರಿನಲ್ಲಿ ಮೇಜಿನ ಯಂತ್ರಕ್ಕೆಂದೇ ಒಂದು ಶೋಧಸಾಧನವನ್ನು ಹಂಚಿತು; ಮರುವರ್ಷದ ಏಪ್ರಿಲಿನಲ್ಲಿ ಆಪಲ್ ಸಂಸ್ಥೆಯು 'ಸ್ಪಾಟ್‌ಲೈಟ್' ಎಂಬುದನ್ನು ತನ್ನ ಯಂತ್ರವ್ಯವಸ್ಥೆಯ ಅಂಗವನ್ನಾಗಿಯೇ ಮಾಡಿತು; 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ತಾದಲ್ಲಿಯೂ ಅದೇ ಬಗೆಯ ಸೂಚಿ ಸೇರಿಕೊಂಡಿತು. ವ್ಯವಸ್ಥೆಯೊಳಗೇ ಈ ಅನುಕೂಲ ಬಂದ ಮೇಲೆ ಹೊರಗಿನಿಂದ ತರುವುದರ ಅಗತ್ಯ ಕಡಮೆಯಾಗಿ, ಗೂಗಲಿನ ಸಾಧನವು 2011ರಲ್ಲಿ ನಿಂತುಹೋಯಿತು. ಇವೆಲ್ಲವುಗಳ ರೀತಿಯೂ ಪ್ಯಾರಿಸಿನ ಯತಿಗಳದೇ: ಯಜಮಾನನು ಬೇರೆ ಕೆಲಸದಲ್ಲಿರುವಾಗ ಮರೆಯಲ್ಲಿ ಕುಳಿತು ಕಡತಗಳನ್ನೆಲ್ಲ ಓದುವುದು, ಯಾವ ಪದ ಯಾವ ಕಡತದಲ್ಲಿದೆ ಎಂದು ಪಟ್ಟಿಮಾಡುವುದು, ಹೊಸದು ಬಂದಾಗ ಸೇರಿಸುವುದು, ಹೋದದ್ದನ್ನು ಹೊಡೆದುಹಾಕುವುದು.

ಈ ಗುಮಾಸ್ತನ ಇತಿಮಿತಿಗಳನ್ನು ಅರಿತವನೇ ಅವನಿಂದ ಪೂರ್ಣ ಪ್ರಯೋಜನವನ್ನು ಪಡೆಯಬಲ್ಲನು. ಅವನು ಓದುವುದು ಓದೆಂದು ಹೇಳಿದ ಕೋಣೆಗಳನ್ನು ಮಾತ್ರ. ಹೊರಗಿನಿಂದ ತಂದು ಜೋಡಿಸಿದ ಪೆಟ್ಟಿಗೆಯಲ್ಲಿಯೋ, ಪಟ್ಟಿಗೆ ಸೇರಿಸದ ಫೋಲ್ಡರಿನಲ್ಲಿಯೋ ಇರುವುದು ಅವನಿಗೆ ಅಗೋಚರ. ಪದದ ಆರಂಭದಿಂದ ಹುಡುಕುವುದು ಸಾಮಾನ್ಯವಾಗಿ ಅವನ ಅಭ್ಯಾಸವಾದ್ದರಿಂದ, ನಡುವಿನ ತುಂಡೊಂದನ್ನು ಕೊಟ್ಟರೆ ತಲೆಯಲ್ಲಾಡಿಸುತ್ತಾನೆ. ಅತ್ತ ಗ್ರೆಪ್ಪಿನ ಕುಲದ ಉಪಕರಣಗಳಿಗೆ ಪದವೆಂಬ ಭೇದವೇ ಇಲ್ಲ. ಅಕ್ಷರಗಳ ಸಾಲು ಎಲ್ಲಿದ್ದರೂ ಅವು ಹಿಡಿಯುತ್ತವೆ. ಆದರೆ ಅವಕ್ಕೂ ಒಂದು ಕುರುಡುತನವುಂಟು: ಈಚಿನ ವರ್ಡ್ ಕಡತಗಳು ಒತ್ತಿ ಕಟ್ಟಿದ ಗಂಟುಗಳಾಗಿರುವುದರಿಂದ, ಗಂಟನ್ನು ಬಿಚ್ಚಲರಿಯದ ಉಪಕರಣಕ್ಕೆ ಅದರೊಳಗಿನ ಒಂದಕ್ಷರವೂ ಕಾಣದು. ಪುಟದ ಛಾಯಾಚಿತ್ರವೇ ಆಗಿರುವ ಪಿಡಿಎಫ್ ಕಡತವಂತೂ, ಅಕ್ಷರಗ್ರಹಣದ ಸಂಸ್ಕಾರ ಆಗುವವರೆಗೆ, ಎರಡು ದಾರಿಯವರಿಗೂ ಬರಿಯ ಚಿತ್ರ. ಆದ್ದರಿಂದ ಇಂಥ ಕಡತಗಳು ತುಂಬಿರುವ ಭಂಡಾರದಲ್ಲಿ ಮೊದಲು ಸೂಚಿಯನ್ನು ಕೇಳಿ, ಅದು ಇಲ್ಲವೆಂದಾಗ ಸಾಲುಸಾಲಾಗಿ ಓದುವ ಉಪಕರಣವನ್ನು ಕಳುಹಿಸಿ, ಎರಡೂ ಸೋತ ಮೇಲೆ ತಾನೇ ಕಣ್ಣಿಟ್ಟು ನೋಡುವುದು ಜಾಣತನದ ಕ್ರಮ.

ಇಷ್ಟು ದೂರವೂ ಇಂಗ್ಲಿಷಿನ ಕಥೆ. ಕನ್ನಡದ ಕಥೆಯಲ್ಲಿ ಮತ್ತೂ ಒಂದು ತೊಡಕಿದ್ದಿತು. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. ಬಹುಕಾಲ ನಾವು ಕನ್ನಡವನ್ನು ಬೆರಳಚ್ಚಿಸಿದ್ದು, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ ಲಿಪಿಗಳಿಂದ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥಶೂನ್ಯವಾದ ಇಂಗ್ಲಿಷ್ ಅಕ್ಷರಗಳ ರಾಶಿ. ನಾನು ಆ ದಿನಗಳಲ್ಲಿ ಬರೆದಿಟ್ಟ ಹಲವು ಟಿಪ್ಪಣಿಗಳು ಇಂದಿಗೂ ನನ್ನ ಯಂತ್ರದಲ್ಲಿಯೇ ಇದ್ದು, ಎಷ್ಟು ಕೂಗಿದರೂ ಓಗೊಡದೆ ಮಲಗಿವೆ. ಭಾರತೀಯ ಲಿಪಿಗಳಿಗೆ 'ಇಸ್ಕಿ' ಎಂಬ ಸಂಕೇತವು ರಾಷ್ಟ್ರದ ಮಾನಕವೆಂದು ಅಂಗೀಕೃತವಾದದ್ದು 1991ರಲ್ಲಿ. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯೊಂದು ಸಿಕ್ಕಿತು. ಆದರೆ ಹೊಸ ಸಂಖ್ಯೆಗಳನ್ನು ಹಳೆಯ ಉಪಕರಣಗಳು ಓದಬಲ್ಲವೇ ಎಂಬ ಪ್ರಶ್ನೆ ಉಳಿದಿದ್ದಿತು. ಅದನ್ನು ಬಿಡಿಸಿದವರು ಗ್ರೆಪ್ಪನ್ನು ಮಾಡಿದ ಆ ಕೆನ್ ಥಾಂಪ್ಸನ್ನರೇ ಎಂಬುದು ಚರಿತ್ರೆಯ ಒಂದು ಸೊಗಸು. 1992ರ ಸೆಪ್ಟೆಂಬರಿನ ಒಂದು ರಾತ್ರಿ, ನ್ಯೂಜೆರ್ಸಿಯ ಊಟದ ಮನೆಯೊಂದರಲ್ಲಿ, ಗೆಳೆಯ ರಾಬ್ ಪೈಕರ ಎದುರಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅವರು ಯುಟಿಎಫ್-8 ಎಂಬ ಲೇಖನಕ್ರಮವನ್ನು ರೂಪಿಸಿದರು. ಅದರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು. ಒಂದು ಚಿಹ್ನೆಯ ಬೈಟುಗಳು ಮತ್ತೊಂದರ ಹೊಟ್ಟೆಯೊಳಗೆ ಎಂದೂ ಸುಳ್ಳಾಗಿ ಕಾಣಿಸಿಕೊಳ್ಳಲಾರವು. ಹೀಗಾಗಿ ಕನ್ನಡವೆಂಬ ಭಾಷೆಯ ಹೆಸರನ್ನೂ ಕೇಳದ ಹಳೆಯ ಉಪಕರಣವು ಕನ್ನಡದ ಪದವನ್ನು ತಪ್ಪಿಲ್ಲದೆ ಹುಡುಕಬಲ್ಲದಾಯಿತು.

ತಪ್ಪಿಲ್ಲದೆ ಎಂದೆನು, ಆದರೆ ಅದು ಅಕ್ಷರದ ಮಟ್ಟಿಗೆ ಮಾತ್ರ ಸತ್ಯ. ಕನ್ನಡದ ಪದವು ಒಂಟಿಯಾಗಿ ನಿಲ್ಲುವುದು ಕಡಮೆ. 'ಊರು' ಎಂದು ಕೊಟ್ಟವನಿಗೆ 'ಊರಿನಲ್ಲಿ' ದೊರೆಯದು. ಅದೇ, ಯಂತ್ರವು ಕಾಗುಣಿತದ ಚಿಹ್ನೆಯನ್ನು ವ್ಯಂಜನದಿಂದ ಬೇರೆಯಾಗಿ ಇಡುತ್ತದೆಂಬುದನ್ನು ಬಲ್ಲವನು 'ಊರ' ಎಂದಷ್ಟೇ ಕೊಟ್ಟರೆ, ಸಾಲುಸಾಲಾಗಿ ಓದುವ ಉಪಕರಣವು ಊರು, ಊರಿನ, ಊರೊಳಗೆ ಎಲ್ಲವನ್ನೂ ತಂದೊಪ್ಪಿಸುತ್ತದೆ. 'ಕಾಲ'ವನ್ನು ಅರಸುವವನಿಗೆ 'ಮಳೆಗಾಲ' ಸಿಕ್ಕದು, 'ತಾವರೆ'ಯನ್ನು ಅರಸುವವನಿಗೆ 'ಬೆಟ್ಟದಾವರೆ' ಸಿಕ್ಕದು. ಕಕಾರಕ್ಕೆ ಗಕಾರವೂ ತಕಾರಕ್ಕೆ ದಕಾರವೂ ಪಕಾರಕ್ಕೆ ಬಕಾರವೂ ಆದೇಶವಾಗಿ ಬರುವುವೆಂದು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ವಿಧಿಸಿದ್ದನ್ನು ಯಂತ್ರವು ಓದಿಲ್ಲ. ಮಾದರಿಯನ್ನು ಒಪ್ಪುವ ಉಪಕರಣವಾದರೆ, ಚೌಕದ ಆವರಣದೊಳಗೆ ಎರಡು ವ್ಯಂಜನಗಳನ್ನೂ ಇಟ್ಟು, 'ಇವುಗಳಲ್ಲಿ ಯಾವುದಾದರೂ ಒಂದು' ಎಂದು ತಿಳಿಸಿ, ಕೇಶಿರಾಜನ ಸೂತ್ರವನ್ನು ನಾವೇ ಅದಕ್ಕೆ ಕಲಿಸಬಹುದು. ಇನ್ನು ಕಣ್ಣಿಗೆ ಕಾಣದ ಭೇದಗಳೂ ಉಂಟು: 'ಸಾಫ್ಟ್‌ವೇರ್' ಎಂಬಲ್ಲಿ ವಕಾರವು ಒತ್ತಾಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದನ್ನು ಕೆಲವರು ಇಡುತ್ತಾರೆ, ಕೆಲವರು ಇಡುವುದಿಲ್ಲ, 'ಕೊ' ಎಂಬುದರ ಒಕಾರದ ಗುರುತನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ಬರೆಯಲು ಸಾಧ್ಯ. ಅಂಥಲ್ಲಿ ಇಡೀ ಪದವನ್ನು ಬಿಟ್ಟು, ಸಂದೇಹವಿಲ್ಲದ ಮೊದಲ ತುಂಡನ್ನು ಮಾತ್ರ ಕೊಡುವುದೇ ಲೇಸು.

ಹಾಗಾಗಿ ಶಾಕಲ್ಯನು ಮಾಡಿದ ಕೆಲಸವನ್ನು, ಕನ್ನಡದ ಮಟ್ಟಿಗೆ, ನಮ್ಮ ಮೇಜಿನ ಉಪಕರಣಗಳು ಇನ್ನೂ ಚೆನ್ನಾಗಿ ಕಲಿತಿಲ್ಲ. ಸೂಚಿ ಮಾಡುವ ವೇಗದಲ್ಲಿ ಅವು ಪ್ಯಾರಿಸಿನ ಯತಿಗಳನ್ನೆಲ್ಲ ಮೀರಿಸಿವೆ; ಸೂಚಿಗೆ ಮುಂಚೆ ಆಗಬೇಕಾದ ಪದಚ್ಛೇದವನ್ನು ಮಾತ್ರ ಹುಡುಕುವವನ ಪಾಲಿಗೇ ಬಿಟ್ಟಿವೆ. ಕನ್ನಡದ ಕಡತಗಳಲ್ಲಿ ಹುಡುಕಿ ಫಲ ಕಾಣಬೇಕೆನ್ನುವವನಿಗೆ ಯಂತ್ರಜ್ಞಾನಕ್ಕಿಂತ ವ್ಯಾಕರಣಜ್ಞಾನವೇ ಹೆಚ್ಚು ಒದಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ವಿಭಕ್ತಿ ಸೇರಿದರೆ ಈ ಪದ ಏನಾದೀತು, ಸಮಾಸದಲ್ಲಿ ಯಾವ ರೂಪ ತಳೆದೀತು, ಹಳೆಯ ಲೇಖಕರು ಇದನ್ನು ಹೇಗೆ ಬರೆಯುತ್ತಿದ್ದರು ಎಂದು ಒಂದು ನಿಮಿಷ ಯೋಚಿಸಿ, ಮೂರು ನಾಲ್ಕು ರೂಪಗಳಲ್ಲಿ ಕೇಳುವವನು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ.

ವಾಚಕರಲ್ಲಿ ಕಡೆಯದಾಗಿ ಒಂದು ವಿಜ್ಞಾಪನೆ. 'ದೊರೆಯಲಿಲ್ಲ' ಎಂದು ಯಂತ್ರವು ಹೇಳಿದಾಗ ಅದು ಹೇಳುವುದು, ತಾನು ಓದಬಲ್ಲ ಕಡತಗಳಲ್ಲಿ ಈ ಅಕ್ಷರಗಳು ಈ ಕ್ರಮದಲ್ಲಿ ಇಲ್ಲ ಎಂಬಷ್ಟನ್ನೇ. ಆ ಮಾತನ್ನೇ ನಂಬಿ ಕಡತವನ್ನು ಕಳೆದುಹೋದದ್ದೆಂದು ಬಗೆಯಬೇಡಿ. ಹಳೆಯ ಲಿಪಿಗಳಲ್ಲಿ ಬರೆದಿಟ್ಟ ಲೇಖನಗಳು, ಪತ್ರಗಳು, ಮನೆತನದ ದಾಖಲೆಗಳು ನಿಮ್ಮಲ್ಲಿ ಇದ್ದರೆ, ಅವುಗಳನ್ನು ಪರಿವರ್ತಿಸುವ ಸಾಧನಗಳು ಇನ್ನೂ ಕೈಗೆಟುಕುವಂತಿರುವಾಗಲೇ ಯೂನಿಕೋಡಿಗೆ ತಿರುಗಿಸಿ, ತಪ್ಪುಗಳನ್ನು ತಿದ್ದಿ ಇಡಿ. ನನ್ನ ಹಳೆಯ ಟಿಪ್ಪಣಿಗಳಲ್ಲಿ ಅರ್ಧದಷ್ಟನ್ನು ಈ ಬೇಸಗೆಯಲ್ಲಿ ಹಾಗೆ ತಿರುಗಿಸಿದ್ದೇನೆ. ಉಳಿದರ್ಧ ಮಳೆಗಾಲದ ಕೆಲಸ.